ಸ್ಟಾರ್ಟಿಂಗ್ ಕಾಯಿಲ್ ಇಲ್ಲದ ವೂಫರ್

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಹಾಡು ಕೇಳುವ ವೂಫರಿಗೆ ನೀರೆತ್ತುವ ಮೋಟರಿನ ಕಂಡೆನ್ಸರ್ ಜೋಡಿಸಿದವನು ನಾನು. ಕೈ ತಪ್ಪಿ ಆದದ್ದಲ್ಲ. ಹಾಡುಹಗಲೇ, ಮೀಟರ್ ಹಿಡಿದು ಅಳೆದು, ಬಾಯಲ್ಲಿ ಟೆಸ್ಟರ್ ಕಚ್ಚಿಕೊಂಡು, ಕೆಲಸ ಬಲ್ಲವನ ಗತ್ತಿನಲ್ಲಿ ಜೋಡಿಸಿದೆ. ಕೊಪ್ಪಳ ಜಿಲ್ಲೆಯಲ್ಲಿ ಇಂಥವನು ಇನ್ನೊಬ್ಬನಿದ್ದರೆ ಅವನ ಕಾಲಿಗೆ ಬಿದ್ದು ಗುರುವೇ ಎನ್ನಲು ತಯಾರಿದ್ದೇನೆ. ಇಲ್ಲಿಯವರೆಗೆ ಯಾರೂ ಸಿಕ್ಕಿಲ್ಲ.

ತಪ್ಪು ನನ್ನದೇ, ಆದರೆ ಅದಕ್ಕೊಂದು ಮನೆತನ ಇದೆ. ನಾನು ಕೊಪ್ಪಳದಲ್ಲಿ ಸೋದರಮಾವನ ಮೋಟರ್ ರಿವೈಂಡಿಂಗ್ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಸುಟ್ಟ ಮೋಟರಿನ ಹೊಟ್ಟೆ ಬಿಚ್ಚಿ, ಕರಕಲಾದ ತಾಮ್ರದ ತಂತಿ ಕಿತ್ತು, ಹೊಸದನ್ನು ಸುತ್ತಿ ಕೊಡುವುದು ನಮ್ಮ ಕಸುಬು. ಮನೆಯಲ್ಲಿ ನೀರೆತ್ತುವ ಸಣ್ಣ ಮೋಟರಿನಲ್ಲಿ ಎರಡು ಕಾಯಿಲ್ ಇರುತ್ತವೆ. ದುಡಿಯುವುದು ರನ್ನಿಂಗ್ ಕಾಯಿಲ್. ಮೋಟರನ್ನು ಮೊದಲೊಮ್ಮೆ ನೂಕಿ ತಿರುಗಿಸುವುದು ಸ್ಟಾರ್ಟಿಂಗ್ ಕಾಯಿಲ್. ಆ ನೂಕುವುದಕ್ಕೆ ಬಲ ಕೊಡುವ ಡಬ್ಬಿಯೇ ಕಂಡೆನ್ಸರ್. ಐದು ವರ್ಷ ಇದನ್ನೇ ಉಂಡು, ಇದನ್ನೇ ಹಾಸಿ ಮಲಗಿದವನ ಕೈಗೆ ಎರಡು ಕಾಯಿಲಿನ ವೂಫರ್ ಕೊಟ್ಟರೆ ಅವನಾದರೂ ಏನು ಮಾಡಬೇಕು?

ವೂಫರ್ ನನಗೇಕೆ ಬೇಕಾಯಿತೆಂದರೆ, ಅಪ್ಪನಿಗಾಗಿ.

ನಮ್ಮ ಮನೆ ಗಿಣಿಗೇರಾದಲ್ಲಿ. ಅಪ್ಪ ಹದಿನೆಂಟು ವರ್ಷ ಊರ ಮಗ್ಗುಲಿನ ಕಾರ್ಖಾನೆಯೊಂದರಲ್ಲಿ ದುಡಿದ. ಕಿವಿಗೆ ಹಾಕಿಕೊಳ್ಳಲೆಂದು ಕೊಟ್ಟ ರಬ್ಬರ್ ಬಿರಡೆಗಳನ್ನು ಮನೆಗೆ ತಂದು ಅವ್ವನ ಎಣ್ಣೆ ಬಾಟಲಿಗಳಿಗೆ ಮುಚ್ಚಳ ಮಾಡಿದ. ನಮ್ಮ ಮನೆಯಲ್ಲಿ ಒಂದು ಹನಿ ಎಣ್ಣೆ ಚೆಲ್ಲಿದ್ದಿಲ್ಲ. ಆದರೆ ಅಪ್ಪನ ಕಿವಿಯಿಂದ ಒಂದೊಂದೇ ಸದ್ದು ಸೋರಿಹೋಯಿತು. ಮೊದಲು ಮೊಬೈಲಿನ ರಿಂಗು ಹೋಯಿತು, ಆಮೇಲೆ ಕುಕ್ಕರಿನ ಸೀಟಿ, ಆಮೇಲೆ ಅವ್ವನ ಬೈಗುಳ. ಮೂರನೆಯದರ ಬಗ್ಗೆ ಅವನಿಗೇನೂ ತಕರಾರಿರಲಿಲ್ಲ. ನಾಲ್ಕನೆಯದು ತಾಳ.

ಹನಮಪ್ಪನ ಗುಡಿಯ ಭಜನಾ ತಂಡದಲ್ಲಿ ಅಪ್ಪ ತಾಳದವನು. ಅಂಗೈಯಗಲದ ಎರಡು ಹಿತ್ತಾಳೆಯ ತಾಳ, ಅವನ ಅಪ್ಪನಿಂದ ಬಂದದ್ದು. ಡೋಲಕ್ಕು ತಪ್ಪಿದರೆ ಹೇಗೋ ಮುಚ್ಚಿಹೋಗುತ್ತದೆ. ತಾಳ ತಪ್ಪಿದರೆ ಓಣಿಗೆಲ್ಲ ಗೊತ್ತಾಗುತ್ತದೆ. ಅಪ್ಪ ಅರ್ಧ ಪೆಟ್ಟು ಹಿಂದೆ ಬೀಳತೊಡಗಿದ್ದ. ಯಾರೂ ಹೇಳಲಿಲ್ಲ. ಒಂದು ವರ್ಷ ತಂಡದವರು ಅವನ ತಪ್ಪಿಗೆ ತಕ್ಕಂತೆ ಹಾಡಿದರು. ನಾನೂ ಎದುರಿಗೆ ಕೂತು ಭೇಷ್ ಎಂಬಂತೆ ಕತ್ತು ಆಡಿಸುತ್ತಿದ್ದೆ. ಹಾರ್ಮೋನಿಯಂ, ಅಂದರೆ ನಮ್ಮ ಕಡೆಯ ಪೇಟಿ, ನುಡಿಸುವ ಮಾಸ್ತರರು ಯಾವತ್ತೂ ಕಣ್ಣು ಮುಚ್ಚಿ ಹಾಡುವವರು. ಒಂದು ಶನಿವಾರ ಅವರು ಕಣ್ಣು ತೆರೆದು ಅಪ್ಪನ ತಾಳದ ಕೈಯನ್ನೇ ನೋಡಿಕೊಂಡು ಹಾಡುತ್ತಿರುವುದು ಅವನಿಗೆ ಕಂಡಿತು. ಅಷ್ಟು ಸಾಕಾಯಿತು. ಮನೆಗೆ ಬಂದು ತಾಳವನ್ನು ಟವೆಲಿನಲ್ಲಿ ಸುತ್ತಿ ಗೋಡೆಯ ಮಾಡದೊಳಗೆ ಇಟ್ಟ. ಅವತ್ತಿನಿಂದ ಶನಿವಾರ ಬಂತೆಂದರೆ, ಭಜನೆ ಮುಗಿಯುವವರೆಗೆ ರೈಲ್ವೆ ಗೇಟಿನ ಹತ್ತಿರದ ಚಹಾದಂಗಡಿಯ ಬೆಂಚಿನ ಮೇಲೆ ಕೂತಿರುತ್ತಿದ್ದ.

ಶ್ರಾವಣ ಹತ್ತಿರ ಬಂತು. ಶ್ರಾವಣದ ಶನಿವಾರಗಳಲ್ಲಿ ಗುಡಿ ತುಂಬುತ್ತದೆ, ತಾಳವಿಲ್ಲದೆ ಕೂಡುವಂತಿಲ್ಲ. ಮಾಸ್ತರರು ನನ್ನನ್ನು ಕರೆದು, ಇನ್ನೊಬ್ಬರನ್ನು ತಯಾರು ಮಾಡಬೇಕಾಗಿದೆ ಎಂದರು. ಮೊದಲ ಶನಿವಾರದೊಳಗೆ ನಿಮ್ಮಪ್ಪ ಬಂದು ಕೂತರೆ ಜಾಗ ಅವನದೇ, ಬರದಿದ್ದರೆ ಮಾತ್ರ ನನ್ನನ್ನು ಬೈಯಬೇಡ ಎಂದರು. ಹೇಳುವಾಗ ಅವರ ಮುಖ, ಶಾಲೆಯಲ್ಲಿ ನನಗೆ ಫೇಲಾದ ಸುದ್ದಿ ಹೇಳುತ್ತಿದ್ದವರ ಮುಖದ ಹಾಗೆಯೇ ಇತ್ತು. ಆ ಮುಖದ ಪರಿಚಯ ನನಗೆ ಚೆನ್ನಾಗಿದೆ.

ಅದೇ ವಾರ ನಾನು ಬೆಚ್ಚಿಬಿದ್ದ ಮೊದಲ ಸಂಗತಿ ನಡೆಯಿತು. ಗೇಟು ಹಾಕಿತ್ತು. ಒಂದು ಟ್ರ್ಯಾಕ್ಟರ್ ಬಂದು ಚಹಾದಂಗಡಿಯ ಎದುರಿಗೇ ನಿಂತಿತು. ನಮ್ಮ ಕಡೆಯ ಟ್ರ್ಯಾಕ್ಟರ್‌ಗಳಿಗೆ ಇಂಜಿನ್ ಇಲ್ಲದಿದ್ದರೂ ನಡೆದೀತು, ಸೌಂಡ್ ಬಾಕ್ಸ್ ಇಲ್ಲದಿದ್ದರೆ ನಡೆಯುವುದಿಲ್ಲ. ಅದರ ಹೊಡೆತಕ್ಕೆ ಗ್ಲಾಸಿನಲ್ಲಿದ್ದ ನನ್ನ ಚಹಾ ಕುಣಿಯುತ್ತಿತ್ತು. ಅಪ್ಪ ಟ್ರ್ಯಾಕ್ಟರಿಗೆ ಬೆನ್ನು ಮಾಡಿ ಬೆಂಚಿನ ಮೇಲೆ ಕೂತಿದ್ದ. ಅವನ ಎರಡು ಬೆರಳು ಮೊಣಕಾಲಿನ ಮೇಲೆ ಬೀಳುತ್ತಿದ್ದವು. ಒಂದು ಪೆಟ್ಟೂ ಹಿಂದಿಲ್ಲ, ಮುಂದಿಲ್ಲ. ಗೇಟು ತೆರೆದು ಟ್ರ್ಯಾಕ್ಟರ್ ಹೋಯಿತು, ಬೆರಳು ನಿಂತವು. ಬೆಂಚಿನ ಹಲಗೆ ಅವನಿಗೆ ಹಾಡು ಮುಟ್ಟಿಸಿತ್ತು.

ಆ ಕ್ಷಣವೇ ನನ್ನೊಳಗೊಬ್ಬ ವಿಜ್ಞಾನಿ ಹುಟ್ಟಿದ. ಒಂದು ಹಲಗೆಯ ಪೆಟ್ಟಿಗೆ ಮಾಡುವುದು. ಅದರೊಳಗೆ ಎರಡು ವೂಫರ್, ಅಂದರೆ ದಪ್ಪ ದನಿಯ ಸ್ಪೀಕರ್. ಡೋಲಕ್ಕಿನ ಮುಂದೊಂದು ಮೈಕು. ಡೋಲಕ್ಕಿನ ಪೆಟ್ಟು ಆಂಪ್ಲಿಫೈರಿನ ಮೂಲಕ ವೂಫರಿಗೆ, ವೂಫರಿನಿಂದ ಹಲಗೆಗೆ, ಹಲಗೆಯಿಂದ ಅದರ ಮೇಲೆ ಕೂತ ಅಪ್ಪನಿಗೆ. ಮಾವನಿಗೆ ಹೇಳಿದೆ. ಮಾವ ಬೀಡಿ ತೆಗೆದು, ಅಪ್ಪನನ್ನು ಸ್ಪೀಕರ್ ಮೇಲೆ ಕೂಡ್ರಿಸಿದವನು ನಾಳೆ ತನ್ನನ್ನು ಮಿಕ್ಸರ್ ಒಳಗೆ ಕೂಡ್ರಿಸುತ್ತಾನೆಂದು ಅಂಗಡಿಗೆ ಬಂದವರಿಗೆಲ್ಲ ಹೇಳಿದ. ಆದರೆ ಪೆಟ್ಟಿಗೆಗೆ ಬೇಕಾದ ಹಲಗೆ ಅವನೇ ಕೊಟ್ಟ.

ಗಂಗಾವತಿಯಲ್ಲಿ ಗಾಡಿಗಳಿಗೆ ಸೌಂಡ್ ಕೂಡ್ರಿಸುವ ಚಾಚಾ ಒಬ್ಬರಿದ್ದಾರೆ. ಅವರ ಅಂಗಡಿಯ ಫ್ಯಾನ್ ಸುಟ್ಟಾಗಲೆಲ್ಲ ಸುತ್ತಿಕೊಡುವವನು ನಾನು. ಅವರು ಗುಜರಿಗೆ ಹೋಗುತ್ತಿದ್ದ ಟಂಟಂ ಆಟೋ ಒಂದರಿಂದ ಬಿಚ್ಚಿದ ಎರಡು ವೂಫರನ್ನೂ, ಬ್ಯಾಟರಿಯ ಮೇಲೆ ನಡೆಯುವ ಒಂದು ಆಂಪ್ಲಿಫೈರನ್ನೂ ಕೊಟ್ಟರು. ಪ್ರತಿ ವೂಫರಿನ ಬೆನ್ನಿಗೂ ವೈರು ಸಿಕ್ಕಿಸುವ ನಾಲ್ಕು ಕಡ್ಡಿ. ಒಂದರಲ್ಲೇ ಎರಡು ಕಾಯಿಲ್ ಅಂತೆ. ಅರ್ಧ ತಾಸು ಕೂಡ್ರಿಸಿಕೊಂಡು ವೈರು ಹೇಗೆ ಜೋಡಿಸಬೇಕೆಂದು ಚಾಚಾ ಹೇಳಿದರು. ತಾಮ್ರದ ತಂತಿಯನ್ನೇ ಉಸಿರಾಡುವವನಿಗೆ ಇವರೇನು ಕಲಿಸುತ್ತಾರೆ ಎಂದುಕೊಂಡು ನಾನು ಆ ಅರ್ಧ ತಾಸೂ ಎದುರಿನ ಬಂಡಿಯಲ್ಲಿ ಕರಿಯುತ್ತಿದ್ದ ಮಿರ್ಚಿಯನ್ನು ನೋಡುತ್ತಿದ್ದೆ. ಎಷ್ಟು ಮಿರ್ಚಿ ಬಾಣಲೆಗೆ ಬಿದ್ದವೆಂಬುದು ಈಗಲೂ ನೆನಪಿದೆ: ಇಪ್ಪತ್ತಾರು.

ಬಸ್ಸಿನಲ್ಲಿ ತೊಡೆಯ ಮೇಲೆ ವೂಫರ್ ಇಟ್ಟುಕೊಂಡು ಕೂತೆ. ಪಕ್ಕದಲ್ಲಿದ್ದ ಆಯಿಯೊಬ್ಬಳು ಸಂತೆಯಿಂದ ಕಳೆ ಕೀಳುವ ಹೊಸ ಕುರ್ಪಿ ತಂದಿದ್ದಳು. ಬಸ್ಸು ಹಳ್ಳ ಹಾರಿದ್ದೇ ತಡ, ಕುರ್ಪಿ ಅವಳ ಚೀಲದಿಂದ ಎದ್ದು ಬಂದು ವೂಫರಿನ ಬೆನ್ನಿನ ಅಯಸ್ಕಾಂತಕ್ಕೆ ಕಚ್ಚಿಕೊಂಡಿತು. ಆಯಿ ನನ್ನನ್ನು ಕಳ್ಳನೆಂದಳು. ನಾನು ಎಳೆದಷ್ಟೂ ಅದು ಬಿಡಲಿಲ್ಲ. ಕೊನೆಗೆ ಕಂಡಕ್ಟರ್ ಸೀಟಿಗೆ ಕಾಲು ಕೊಟ್ಟು ಜಗ್ಗಿ ಬಿಡಿಸಿದ. ಗಿಣಿಗೇರಾ ಬರುವವರೆಗೂ ಆಯಿ ಕುರ್ಪಿಯನ್ನು ಎದೆಗೆ ಅವಚಿಕೊಂಡು ನನ್ನನ್ನೇ ನೋಡುತ್ತಿದ್ದಳು.

ಈಗ ಕಂಡೆನ್ಸರಿನ ಮಾತು. ಮೀಟರ್ ಹಚ್ಚಿ ನೋಡಿದರೆ ವೂಫರಿನ ಎರಡೂ ಕಾಯಿಲ್ ಒಂದೇ ಅಳತೆ ತೋರಿಸಿದವು. ನೀರಿನ ಮೋಟರಿನಲ್ಲಿ ಹಾಗಿರುವುದಿಲ್ಲ. ಆದರೆ ವಾಷಿಂಗ್ ಮಷಿನ್ನಿನ ಮೋಟರಿನಲ್ಲಿ ಇರುತ್ತದೆ; ಅದು ಎರಡೂ ಕಡೆ ತಿರುಗಬೇಕಲ್ಲ. ವೂಫರಿನ ಪರದೆಯೂ ಹಿಂದೆ ಮುಂದೆ ಆಡುತ್ತದೆ. ಹಾಗಾದರೆ ಇದು ವಾಷಿಂಗ್ ಮಷಿನ್ ಜಾತಿಯದು ಎಂದು ನನಗೆ ಜ್ಞಾನೋದಯವಾಯಿತು. ಎರಡು ಕಾಯಿಲಿನ ನಡುವೆ ಅಂಗಡಿಯ ಒಂದು ಕಂಡೆನ್ಸರ್ ಕೂಡ್ರಿಸಿ ಮೊಬೈಲಿನಿಂದ ಹಾಡು ಬಿಟ್ಟೆ. ನೆಗಡಿಯಾದ ಎಮ್ಮೆ ದೂರದ ಊರಿನಲ್ಲಿ ಕೆಮ್ಮಿದ ಹಾಗಾಯಿತು. ಮಾವ ಬಗ್ಗಿ ನೋಡಿದ.

"ಲೇ ಹುಚ್ಚಪ್ಯಾಲಿ," ಅಂದ, "ನಾ ನಿನಗ ಕಸುಬು ಕಲಿಸೇನಿ ಅಂತ ಯಾರ ಮುಂದೂ ಹೇಳಬ್ಯಾಡ."

ಕಂಡೆನ್ಸರ್ ಕಿತ್ತೆ. ನನಗೆ ಹಟ ಬಂದಿತ್ತು. ಎರಡೂ ವೂಫರಿನ ನಾಲ್ಕೂ ಕಾಯಿಲಿನ ಪ್ಲಸ್ಸನ್ನು ಒಂದು ಕಡೆ, ಮೈನಸ್ಸನ್ನು ಒಂದು ಕಡೆ ಹುರಿಮಾಡಿ ಆಂಪ್ಲಿಫೈರಿಗೆ ಕೊಟ್ಟೆ. ಸರಳ, ಸುಂದರ. ಆಂಪ್ಲಿಫೈರಿನ ಮೇಲೆ ಕೆಂಪು ದೀಪ ಹತ್ತಿತು. ಬೋರ್‌ವೆಲ್ಲಿನ ಸ್ಟಾರ್ಟರ್ ಡಬ್ಬಿಯ ಮೇಲೆ ಕೆಂಪು, ಹಳದಿ, ನೀಲಿ ಎಂದು ಮೂರು ದೀಪ ಇರುತ್ತವೆ. ಮೂರೂ ಹತ್ತಿದರೆ ಮೂರೂ ಫೇಸ್ ಬಂದವೆಂದು ಲೆಕ್ಕ. ಕೆಂಪು ಬಂತು, ಇನ್ನೆರಡು ಬರಲಿ ಎಂದು ನಾನು ಆಂಪ್ಲಿಫೈರಿನ ಎದುರು ಸ್ಟೂಲ್ ಹಾಕಿಕೊಂಡು ಕೂತೆ. ಹಳದಿ ಬರಲಿಲ್ಲ, ನೀಲಿ ಬರಲಿಲ್ಲ. ಮತ್ತೆ ಮತ್ತೆ ಆಫ್ ಮಾಡಿ ಆನ್ ಮಾಡಿದೆ. ಏಳನೆಯ ಸಲಕ್ಕೆ ಹೊಗೆ ಬಂತು.

ಸುಟ್ಟ ಆಂಪ್ಲಿಫೈರನ್ನು ಮಗುವಿನ ಹಾಗೆ ಎತ್ತಿಕೊಂಡು ಮತ್ತೆ ಗಂಗಾವತಿಗೆ ಹೋದೆ. ಚಾಚಾ ಅದರ ವಾಸನೆ ನೋಡಿದರು. ಕೆಂಪು ದೀಪವೆಂದರೆ ನನ್ನನ್ನು ಕಾಪಾಡಿರಿ ಎಂದು ಅದು ಕೂಗಿಕೊಂಡಂತೆ ಎಂದರು. ಏಳು ಸಲ ಕೂಗಿಕೊಂಡಿತೆಂದು ನಾನು ಹೇಳಲಿಲ್ಲ. ಈ ಸಲ ಮಿರ್ಚಿಗೆ ಬೆನ್ನು ಮಾಡಿ ಕೂತು ಕೇಳಿದೆ.

"ಒಂದೊಂದು ಕಾಯಿಲ್ ನಾಕು ಓಮ್ ಐತಿ ಬೇಟಾ. ನಾಕೂ ಒಮ್ಮೆಲೆ ಹಚ್ಚಿದ್ರ ಎಲ್ಲಾ ಕೂಡಿ ಒಂದ ಓಮ್ ಆಗತೈತಿ. ಈ ಬಡವಗ ನಾಕರಕಿಂತ ಕಡಿಮಿ ತಡಿಯೂದಿಲ್ಲ. ಮೊದಲ ಒಂದೊಂದು ವೂಫರಿನ ಎರಡು ಕಾಯಿಲ್ ಸಾಲಾಗಿ ಹಿಡಿ, ಎಂಟಾತು. ಆಮ್ಯಾಲ ಎರಡು ಎಂಟು ಮಗ್ಗಲಕ ಮಗ್ಗಲ ಹಚ್ಚು, ನಾಕಾತು. ಅಷ್ಟ."

ಓಮ್ ಎಂದರೆ ಕರೆಂಟಿನ ದಾರಿಯಲ್ಲಿರುವ ಅಡ್ಡಿ. ಅಡ್ಡಿ ಕಡಿಮೆಯಾದಷ್ಟೂ ಆಂಪ್ಲಿಫೈರ್ ಹೆಚ್ಚು ಕರೆಂಟ್ ಕಕ್ಕಿ ಸಾಯುತ್ತದೆ. ಇದು ನನಗೆ ಗೊತ್ತಿರದ ವಿಷಯವೇನಲ್ಲ. ಗೊತ್ತಿದ್ದೂ ಸುಟ್ಟವನ ದಡ್ಡತನ ಇನ್ನೊಂದು ತೂಕ ಹೆಚ್ಚು.

ಆಂಪ್ಲಿಫೈರ್ ರಿಪೇರಿಯಾಗಿ ಭಾನುವಾರ ಬೆಳಿಗ್ಗೆ ಕೈಗೆ ಬಂತು. ಅಷ್ಟರೊಳಗೆ ನಾನು ವೂಫರ್‌ಗಳನ್ನು ಚಾಚಾ ಹೇಳಿದಂತೆಯೇ ಸಾಲಾಗಿ, ಆಮೇಲೆ ಮಗ್ಗುಲಿಗೆ ಜೋಡಿಸಿ, ಪೆಟ್ಟಿಗೆಯೊಳಗೆ ಬಿಗಿದು, ಮೇಲೆ ಹಲಗೆ ಹೊಡೆದು ಮುಚ್ಚಿದ್ದೆ. ಅದೇ ಮಧ್ಯಾಹ್ನ ಗುಡಿಯಲ್ಲಿ ತಾಲೀಮು. ನೆರೆಮನೆಯ ಟ್ರ್ಯಾಕ್ಟರಿನ ಬ್ಯಾಟರಿ ಎರವಲು ತಂದೆ. ಡೋಲಕ್ಕಿನ ಮುಂದೆ ಮೈಕು ಇಟ್ಟೆ. ಹಸಿರು ದೀಪ ಹತ್ತಿತು. ನನಗೆ ಕಣ್ಣೀರು ಬರುವುದೊಂದು ಬಾಕಿ.

ಅಪ್ಪನನ್ನು ಕರೆತಂದದ್ದು ಅವ್ವ. ಏನು ಹೇಳಿ ಒಪ್ಪಿಸಿದಳೋ, ಅಂತೂ ಟವೆಲಿನಲ್ಲಿ ಸುತ್ತಿದ ತಾಳದ ಸಮೇತ ಬಂದ. ಪೆಟ್ಟಿಗೆಯ ಮೇಲೆ ಕೂಡ್ರಿಸಿದೆ. ಡೋಲಕ್ಕು ಶುರುವಾಯಿತು. ನಾನು ಅವನ ಮುಖದ ಮುಂದೆ ಬಗ್ಗಿ, ಹೆಬ್ಬೆರಳೆತ್ತಿ, ಹಲ್ಲು ಬಿಟ್ಟು, ಬರುತ್ತಿದೆಯಾ ಎಂದು ಸನ್ನೆಯಲ್ಲಿ ಕೇಳಿದೆ. ಅಪ್ಪ ಹೌದೆಂದು ತಲೆ ಆಡಿಸಿದ. ತಾಳ ಎತ್ತಿಕೊಂಡ. ಹಲಗೆಗೆ ಕೈಯಿಟ್ಟು ನೋಡಬೇಕೆಂದು ನನಗೆ ಹೊಳೆಯಲಿಲ್ಲ. ಹೊಳೆದಿದ್ದರೂ ಭಜನೆಯ ಮಂದಿಯೆದುರು ಅಪ್ಪನ ಕುಂಡಿಯ ಕೆಳಗೆ ಕೈ ತೂರಿಸುವ ಧೈರ್ಯ ಎಲ್ಲಿಂದ ತರಲಿ? ತಾಳ ಹಿಂದೆ ಬಿತ್ತು, ಮುಂದೆ ಬಿತ್ತು, ಒಮ್ಮೊಮ್ಮೆ ಸರಿಯಾಗಿಯೂ ಬಿತ್ತು. ರೂಢಿಯಾಗಬೇಕು ಎಂದೆ. ಹೌದಪಾ, ರೂಢಿ ಆಗಬೇಕು ಎಂದು ಡೋಲಕ್ಕಿನ ಕಾಕಾ ಗೋಡೆ ನೋಡುತ್ತ ಹೇಳಿದ. ಮಾಸ್ತರರು ಮತ್ತೆ ಕಣ್ಣು ತೆರೆದೇ ಹಾಡಿದರು.

ಎಲ್ಲರೂ ಹೋದಮೇಲೆ ಪೆಟ್ಟಿಗೆ ಎತ್ತಲು ಬಗ್ಗಿದೆ. ಒಳಗಿಂದ ವಾಸನೆ ಬಂತು. ಆ ವಾಸನೆ ನನಗೆ ನನ್ನ ಅಂಗಿಯ ವಾಸನೆಯಷ್ಟೇ ಪರಿಚಿತ: ಕಾಯಿಲಿನ ಮೇಲಿನ ವಾರ್ನಿಷ್ ಕಾಯುವ ವಾಸನೆ. ಹಲಗೆ ಬಿಚ್ಚಿ ವೂಫರ್ ಮುಟ್ಟಿದರೆ ರೊಟ್ಟಿ ಹಂಚು. ತಿರುಗುವ ಮೋಟರು ಇಷ್ಟು ಬೇಗ ಹೀಗೆ ಕಾಯುವುದಿಲ್ಲ. ಕರೆಂಟು ಕುಡಿದೂ ತಿರುಗದೆ ನಿಂತ ಮೋಟರು ಕಾಯುತ್ತದೆ. ಅಲ್ಲೇ ಗುಡಿಯ ಕಟ್ಟೆಯ ಮೇಲೆ ಕೂತು ಚಾಚಾಗೆ ಫೋನ್ ಮಾಡಿದೆ. ಗಡಿಯಾರದ ಒಂದು ಸೆಲ್ ತಗೊಂಡು ಕಾಯಿಲಿಗೆ ಮುಟ್ಟಿಸಿ ನೋಡು ಎಂದರು. ಗುಡಿಯ ಗೋಡೆ ಗಡಿಯಾರದಿಂದ ಸೆಲ್ ತೆಗೆದು ಒಂದು ಕಾಯಿಲಿಗೆ ಮುಟ್ಟಿಸಿದೆ. ಪರದೆ ಟಪ್ಪೆಂದು ಮುಂದೆ ಬಂತು. ಇನ್ನೊಂದಕ್ಕೆ ಮುಟ್ಟಿಸಿದೆ, ಅದೂ ಟಪ್. ಸಾಲಾಗಿ ಜೋಡಿಸಿದ್ದ ಎರಡಕ್ಕೂ ಸೇರಿಸಿ ಮುಟ್ಟಿಸಿದೆ. ಏನೂ ಇಲ್ಲ. ಎರಡನೆಯ ವೂಫರ್ ನೋಡಿದೆ. ಅದೂ ಹೆಣದ ಹಾಗೆ ಸುಮ್ಮನಿತ್ತು.

ಆಗ ಹೊಳೆಯಿತು. ಮೋಟರು ಸುತ್ತುವಾಗ ನಾವು ಒಂದು ಕಾಯಿಲಿನ ಕೊನೆಯನ್ನು ಪಕ್ಕದ ಕಾಯಿಲಿನ ಕೊನೆಗೆ, ಮೊದಲನ್ನು ಮೊದಲಿಗೆ ಕಟ್ಟುತ್ತೇವೆ. ಐದು ವರ್ಷದ ರೂಢಿ, ಕೈ ತಾನೇ ಮಾಡುತ್ತದೆ. ವೂಫರಿನಲ್ಲಿ ಒಂದರ ಮೈನಸ್ಸು ಇನ್ನೊಂದರ ಪ್ಲಸ್ಸಿಗೆ ಹೋಗಬೇಕಿತ್ತು. ನಾನು ಎರಡರಲ್ಲೂ ಮೈನಸ್ಸಿಗೆ ಮೈನಸ್ಸು ಕಟ್ಟಿದ್ದೆ. ಒಂದು ಕಾಯಿಲ್ ಪರದೆಯನ್ನು ಮುಂದೆ ನೂಕುವಾಗ ಇನ್ನೊಂದು ಅಷ್ಟೇ ಬಲದಿಂದ ಹಿಂದೆ ಜಗ್ಗುತ್ತಿತ್ತು. ಓಮಿನ ಲೆಕ್ಕ ಸರಿಯಿದ್ದುದರಿಂದ ದೀಪವೇನೋ ಹಸಿರಾಗಿಯೇ ಉರಿಯಿತು. ಎರಡೂ ಒಳಗೊಳಗೇ ಹೊಡೆದಾಡಿ ಕಾದವೇ ಹೊರತು ಹಲಗೆಗೆ ಒಂದು ಪೆಟ್ಟೂ ಮುಟ್ಟಲಿಲ್ಲ.

ಹಲಗೆ ಇಡೀ ಮಧ್ಯಾಹ್ನ ಸತ್ತಿತ್ತು. ಹಾಗಾದರೆ ಅಪ್ಪ ಯಾವುದಕ್ಕೆ ತಲೆ ಆಡಿಸಿದ?

ಕರೆಂಟು ನನಗೆ ಎಷ್ಟೋ ಸಲ ಹೊಡೆದಿದೆ. ಒಮ್ಮೆ ಮೂರು ಫೇಸಿನ ತಂತಿಯೂ ಎತ್ತಿ ಒಗೆದಿದೆ. ಆ ಹೊಡೆತಗಳೆಲ್ಲ ಇದರ ಮುಂದೆ ಚಿವುಟಿದಂತೆ.

ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಅಪ್ಪನ ಎದುರು ಕೂತು ಊಟ ಮಾಡುವಾಗ ಕತ್ತೆತ್ತಲಿಲ್ಲ. ಆ ವಾರವಿಡೀ ನಾನು ಒಂದು ಚೇಷ್ಟೆಯನ್ನೂ ಮಾಡದ್ದಕ್ಕೆ ಮಾವ, ಜ್ವರವೇನಾದರೂ ಬಂದಿದೆಯೋ ಎಂದು ಹಣೆ ಮುಟ್ಟಿ ನೋಡಿದ. ವೈರೆಲ್ಲ ಬಿಚ್ಚಿ, ಪ್ರತಿ ಕಾಯಿಲಿಗೂ ಸೆಲ್ ಮುಟ್ಟಿಸಿ, ಪರದೆ ಮುಂದೆ ಬಂದಾಗ ಪ್ಲಸ್ ಎಲ್ಲಿತ್ತೋ ಅಲ್ಲಿ ಅವ್ವನ ಕುಂಕುಮ ಹಚ್ಚಿ ಗುರುತು ಮಾಡಿದೆ. ಮೈನಸ್ಸಿನಿಂದ ಕುಂಕುಮಕ್ಕೆ ಒಂದು ವೈರು, ಎರಡೂ ವೂಫರಿನಲ್ಲಿ. ಕುಂಕುಮವಿದ್ದ ಉಳಿದೆರಡು ಕಡ್ಡಿಗಳು ಆಂಪ್ಲಿಫೈರಿನ ಪ್ಲಸ್ಸಿಗೆ, ಕುಂಕುಮವಿಲ್ಲದ ಎರಡು ಮೈನಸ್ಸಿಗೆ. ಮುಚ್ಚುವ ಮೊದಲು ಹಾಡು ಬಿಟ್ಟು ನಾನೇ ಮೇಲೆ ಕೂತೆ. ಹಲಗೆ ನನ್ನ ದವಡೆಯವರೆಗೂ ನಡುಗಿಸಿತು. ಮಾವನನ್ನೂ ಕೂಡ್ರಿಸಿದೆ. ಅವನು ಎದ್ದವನೇ ಕಿಸೆ ಮುಟ್ಟಿ ನೋಡಿಕೊಂಡ, ಬೀಡಿ ಕಟ್ಟು ಬಿದ್ದಿತೇನೋ ಎಂದು.

ಮುಂದಿನ ಭಾನುವಾರ ಕೊನೆಯ ತಾಲೀಮು. ಶನಿವಾರ ಶ್ರಾವಣದ ಮೊದಲ ಭಜನೆ. ಅವ್ವನ ಜೊತೆ ಅಪ್ಪ ಬಂದು ಕೂತ. ನಾನು ಈ ಸಲ ಹಲ್ಲು ಬಿಡಲಿಲ್ಲ, ಬರುತ್ತಿದೆಯಾ ಎಂದು ಕೇಳಲಿಲ್ಲ, ಕಂಬದ ಹಿಂದೆ ನಿಂತೆ. ಕಾಕಾ ಡೋಲಕ್ಕಿನ ಮೇಲೆ ಮೊದಲ ಪೆಟ್ಟು ಹಾಕಿದ.

ಅಪ್ಪ ಕೂತಲ್ಲಿಂದ ಕಪ್ಪೆಯ ಹಾಗೆ ನೆಗೆದ. ತಾಳ ಒಂದು ಕಡೆ, ಟವೆಲು ಒಂದು ಕಡೆ.

"ಲೇ, ಕರೆಂಟ್ ಬರಾಕತ್ತೈತಿ! ಬಂದ್ ಮಾಡ್ರಿ!"

ಕರೆಂಟೆಂಬ ಮಾತು ಕೇಳಿ ಇಡೀ ತಂಡ ಎದ್ದು ಅಂಗಳಕ್ಕೆ ಓಡಿತು. ಪೇಟಿ ಮಾಸ್ತರರು ಪೇಟಿಯನ್ನು ಎತ್ತಿಕೊಂಡೇ ಓಡಿದರು. ನಾನು ಹೋಗಿ ಹಲಗೆಗೆ ಎರಡೂ ಅಂಗೈ ಒತ್ತಿ ತೋರಿಸಿದೆ, ಸಾಯದೆ ಇದ್ದೇನೆ ಎಂದು. ಕಾಕಾಗೆ ಇನ್ನೊಮ್ಮೆ ಬಾರಿಸು ಎಂದೆ. ಅಪ್ಪ ಬಗ್ಗಿ ಒಂದು ಬೆರಳು ಮುಟ್ಟಿಸಿದ. ಆಮೇಲೆ ಅಂಗೈ ಇಟ್ಟ. ಆಮೇಲೆ ಬಹಳ ನಿಧಾನವಾಗಿ, ಕಾದ ನೀರಿಗಿಳಿಯುವವನ ಹಾಗೆ, ಮೇಲೆ ಕೂತ. ಕಾಕಾ ಬಾರಿಸುತ್ತಲೇ ಇದ್ದ. ಅಪ್ಪ ತಾಳ ಎಲ್ಲೆಂದು ಕೇಳಲಿಲ್ಲ, ಯಾರ ಮುಖವನ್ನೂ ನೋಡಲಿಲ್ಲ. ಅವನ ಎರಡು ಬೆರಳು ಮೊಣಕಾಲಿನ ಮೇಲೆ ಬಿದ್ದವು. ತಪ್ಪಿಲ್ಲದೆ ಬಿದ್ದವು.

ಅವ್ವ ತಾಳವನ್ನು ಸೆರಗಿನಿಂದ ಒರೆಸಿ ಕೈಗಿಟ್ಟಳು.

ಮೊದಲ ಹಾಡಿನಲ್ಲಿ ಪೆಟ್ಟು ಸ್ವಲ್ಪ ಹಿಂದೆಯೇ ಬಿತ್ತು. ಮಾಸ್ತರರು ಪೇಟಿ ನಿಲ್ಲಿಸಿದರು. ಒಂದು ವರ್ಷದಲ್ಲಿ ಅವರು ಅಪ್ಪನಿಗಾಗಿ ಪೇಟಿ ನಿಲ್ಲಿಸಿದ್ದು ಅದೇ ಮೊದಲು. ಬೆರಳಿನಿಂದ ಚೂರು ಎಂದು ತೋರಿಸಿ, "ತಡ ಆತು," ಎಂದು ತುಟಿ ಬಿಡಿಸಿ ಹೇಳಿದರು. ನಾನು ಮತ್ತೆ ಕಂಬದ ಹಿಂದೆ ಸರಿದೆ. ಅಪ್ಪನಿಗೆ ಮಾತ್ರ ಯಾರೋ ಬಹುಮಾನ ಕೊಟ್ಟ ಹಾಗಾಗಿತ್ತು. ಮತ್ತೆ ಶುರುಮಾಡಿದರು. ಮತ್ತೊಮ್ಮೆ ನಿಲ್ಲಿಸಿದರು. ಮೂರನೆಯ ಹಾಡಿಗೆ ಮಾಸ್ತರರು ಕಣ್ಣು ಮುಚ್ಚಿದರು. ಹಾಡು ಮುಗಿಯುವವರೆಗೆ ತೆರೆಯಲಿಲ್ಲ. ಎದ್ದು ಹೊರಡುವಾಗ ಅಪ್ಪನಿಗೆ, ಶನಿವಾರ ಏಳಕ್ಕೆ ಬಾ ಎಂದು ಏಳು ಬೆರಳು ತೋರಿಸಿದರು.

ಸಂಜೆಯ ಹೊತ್ತಿಗೆ ಪೆಟ್ಟಿಗೆಯ ಒಂದು ತುದಿ ಅವನು, ಒಂದು ತುದಿ ನಾನು ಹಿಡಿದು ಮನೆಗೆ ಹೊರಟೆವು. ಓಣಿಯ ನಡುವೆ ಅವನು ಪೆಟ್ಟಿಗೆ ಕೆಳಗಿಟ್ಟ. ಕಿವಿ ಹೋದವರಿಗೆ ದನಿ ಸಣ್ಣ ಮಾಡುವುದು ಬರುವುದಿಲ್ಲ. ಹಾಗಾಗಿ ಅಪ್ಪ ನನಗೊಬ್ಬನಿಗೇ ಹೇಳಿದ್ದನ್ನು ಎರಡೂ ಸಾಲಿನ ಮನೆಯವರು ಬಾಗಿಲಿಗೆ ಬಂದು ಕೇಳಿಸಿಕೊಂಡರು:

"ಹೋದ ವಾರ ಏನೂ ಬಂದಿರ್ಲಿಲ್ಲ ತಮ್ಮಾ. ನೀ ಹಲ್ಲ ಬಿಟ್ಕೊಂಡು ನಿಂತಿದ್ದಿ, ಅದಕ ಹೂಂ ಅಂದೆ. ಫ್ಯಾಕ್ಟರಿಯೊಳಗೂ ಹಂಗ, ಸಾಹೇಬ್ರು ಏನಂದ್ರೂ ಕೇಳಸ್ತಿರ್ಲಿಲ್ಲ, ತಲಿ ಅಲ್ಲಾಡಿಸ್ಕೋತ ಬಂದೆ. ನೀವೆಲ್ಲಾ ಒಂದ ವರ್ಷ ನನ್ನ ತಾಳಕ್ಕ ತಲಿ ಅಲ್ಲಾಡಿಸೀರಿ, ನಾ ಒಂದಿನ ನಿನ್ನ ಪೆಟಿಗಿಗೆ ಅಲ್ಲಾಡಿಸೀನಿ. ಇನ್ನ ಸಾಕು. ಬರಲಿಲ್ಲಂದ್ರ ನಾ ಬರಲಿಲ್ಲಂತೀನಿ. ನಾ ತಡ ಮಾಡಿದ್ರ ಮಾಸ್ತರು ಹೇಳೂಕಿಂತ ಮೊದಲ ನೀ ಹೇಳಬೇಕು, ತಡ ಆತು ಯಪ್ಪಾ ಅಂತ."